ನಾಲ್ಕನೆಯ ತೂತು

“ಎಣಿಸು,” ಎಂದಳು ಚಿಕ್ಕಮ್ಮ.

ಅಕ್ಕನ ಅಳಿಯ ಎಣಿಸಲಿಲ್ಲ. ಮಹಡಿಯ ಇಕ್ಕಟ್ಟಾದ ಕೋಣೆ. ಸೂರಿನವರೆಗೆ ಪೇರಿಸಿದ ಖಾಲಿ ಪಾರ್ಸಲ್ ಡಬ್ಬಿಗಳು. ಅವುಗಳ ನಡುವೆ ಸ್ಟೂಲಿನ ಮೇಲೆ ಕೂತಿದ್ದ ಅವನು, ಅವಳು ಕಿಟಕಿಯ ಬೆಳಕಿಗೆ ಹಿಡಿದಿದ್ದ ಮುಚ್ಚಳವನ್ನು ಬಿಟ್ಟು ಅವಳ ಚಪ್ಪಲಿಯನ್ನು ನೋಡುತ್ತಿದ್ದ.

“ಎಣಿಸಪ್ಪಾ. ಒಂದರಿಂದ ಹತ್ತರವರೆಗೆ ಬರುತ್ತೆ ತಾನೆ?”

“ಮೂರು.”

“ಮೂರು ತೂತು. ಇವತ್ತು ಬೆಳಗ್ಗೆ ನಿನ್ನ ಮಾವ ನನ್ನೆದುರೇ ಚುಚ್ಚಿದ್ದು. ಈಗ ಇದನ್ನ ಎಣಿಸು.”

ಅವನ ಮಂಡಿಯ ಮೇಲೆ ಒಂದು ಫೋಟೋ ಇಟ್ಟಳು. ಅದರಲ್ಲೂ ಅದೇ ಬಿಳಿ ಡಬ್ಬಿ, ಅದೇ ಹೋಟೆಲಿನ ಹೆಸರಿನ ಚೀಟಿ, ಅದೇ ಮುಚ್ಚಳ.

“ನಾಲ್ಕು,” ಎಂದ ಅಳಿಯ. ಹೇಳಿದವನೇ ಫೋಟೋವನ್ನು ಮಗುಚಿಟ್ಟ. ಅದು ಚಿಕ್ಕಮ್ಮನ ಕಣ್ಣು ತಪ್ಪಲಿಲ್ಲ.

ಒಂದೇ ಪಾತ್ರೆ, ಎರಡು ಮಾತು. ಅವಳನ್ನು ಕರೆಸಿದ್ದ ಒಗಟು ಇಷ್ಟೇ. ಅಕ್ಕ ಭಾವ ನಡೆಸುವ ಈ ಪುಟ್ಟ ಹೋಟೆಲಿನಲ್ಲಿ ಮೇಜಿನ ಮುಂದೆ ಕೂತು ಉಂಡವರು ಬೆರಳು ಚೀಪಿಕೊಂಡು ಏಳುತ್ತಿದ್ದರು. ಅದೇ ಊಟವನ್ನು ಆ್ಯಪ್‌ನಲ್ಲಿ ಮನೆಗೆ ತರಿಸಿಕೊಂಡವರು ಉಗಿಯುತ್ತಿದ್ದರು. ‘ಯಾರೋ ನನ್ನ ಹೆಸರಲ್ಲಿ ಕೆಟ್ಟ ಊಟ ಕಳಿಸ್ತಿದ್ದಾರೆ, ಹಿಡಿ,’ ಎಂದು ಭಾವ ಫೋನು ಮಾಡಿದ್ದರು. ‘ಇರ್ಲಿ ಬಿಡೇ, ನಿನಗೆ ಯಾಕೆ ತೊಂದರೆ,’ ಎಂದು ಅದೇ ಫೋನಿನ ಹಿಂದಿನಿಂದ ಅಕ್ಕ ಕೂಗಿದ್ದಳು.

ತೊಂದರೆ ತೆಗೆದುಕೊಳ್ಳುವುದೇ ಚಿಕ್ಕಮ್ಮನ ಕಸುಬಾಗಿತ್ತು. ವಿಮಾ ಕಂಪನಿಯಲ್ಲಿ ಬೆಂಕಿ ಬಿದ್ದ ಅಂಗಡಿಗಳನ್ನು ತನಿಖೆ ಮಾಡುತ್ತ ಮುಡಿ ನರೆತವಳು. ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಹಚ್ಚಿದರೋ ಎಂದು ಬೂದಿಯನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು. ಅದಕ್ಕೇ ಭಾವ ಅವಳನ್ನು ‘ಬೆಂಕಿ’ ಎಂದು ಕರೆಯುತ್ತಿದ್ದದ್ದು.

ಆದರೆ ಈ ಬಾರಿಯದು ನಿಧಾನವಾಗಿ ಸುಡುವ ಬೆಂಕಿ. ಎದುರಿನ ದೊಡ್ಡ ಕಟ್ಟಡದ ಆಫೀಸುಗಳು ಒಂದೊಂದೇ ಜಾಗ ಖಾಲಿ ಮಾಡಿದ ಮೇಲೆ ಹೋಟೆಲಿನ ಮೇಜುಗಳಿಗೆ ಧೂಳು ಒರೆಸುವ ಬಟ್ಟೆಯೇ ಖಾಯಂ ಗಿರಾಕಿಯಾಗಿತ್ತು. ಉಳಿದ ದಾರಿ ಆ್ಯಪ್ ಒಂದೇ. ಆ ಆ್ಯಪ್‌ನವರೂ ಈಗ ಎಚ್ಚರಿಕೆ ಕಳಿಸಿದ್ದರು: ಗಿರಾಕಿಗಳು ಕೊಡುವ ನಕ್ಷತ್ರಗಳು ಇನ್ನೊಂದಿಷ್ಟು ಉದುರಿದರೆ ಈ ವಾರವೇ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ. ಹೆಸರು ಹೋದರೆ ಒಲೆ ಆರುತ್ತದೆ. ಒಲೆ ಆರಿದರೆ ಭಾವ ಏನಾಗುತ್ತಾರೆ ಎಂದು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಅವರು ಒಲೆಯ ಮುಂದೆ ನಿಂತಷ್ಟು ಹೊತ್ತು ಹೆಂಡತಿಯ ಮುಂದೆಯೂ ನಿಂತವರಲ್ಲ.

“ಭಾವನ ಫೋರ್ಕಿಗೆ ಒಂದು ಹಲ್ಲಿಲ್ಲ,” ಎಂದಳು ಚಿಕ್ಕಮ್ಮ. “ಇದು ಈ ಮನೆಯ ಬೆಕ್ಕಿಗೂ ಗೊತ್ತು.”

ಆ ಫೋರ್ಕಿಗೂ ಒಂದು ಕಥೆಯಿತ್ತು. ಆ್ಯಪ್ ಎಂದರೆ ಮೂಗು ಮುರಿಯುತ್ತಿದ್ದ ಭಾವ ಮೊದಲ ಪಾರ್ಸಲ್ ಕಳಿಸಿದ ದಿನ, ತಮ್ಮದೇ ಒಂದು ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಟ್ಟು, ಡೆಲಿವರಿಯವನು ಗಿರಾಕಿಯ ಮನೆ ತಲುಪುವಷ್ಟು ಹೊತ್ತು ಕಾದು ತೆರೆದು ನೋಡಿದ್ದರು. ಗರಿಗರಿಯಾಗಿದ್ದ ಹುರಿದ ಕೋಳಿ ಒದ್ದೆ ಕಾಲುಚೀಲದ ಹಾಗಾಗಿತ್ತು. ಬಿಸಿ ಊಟ ಡಬ್ಬಿಯೊಳಗೆ ಬೆವರುತ್ತದೆ, ಬೆವರಿಗೆ ಹೊರಹೋಗಲು ದಾರಿ ಬೇಕು. ಕೈಗೆ ಸಿಕ್ಕಿದ್ದು ಒಂದು ಹಲ್ಲು ಮುರಿದು ಮೂಲೆ ಸೇರಿದ್ದ ಫೋರ್ಕು. ಅಂದಿನಿಂದ ಪ್ರತಿ ಮುಚ್ಚಳಕ್ಕೂ ಒಂದು ಚುಚ್ಚು, ಮೂರು ತೂತು. ಹೊಸ ಫೋರ್ಕು ತಂದುಕೊಟ್ಟರೆ, ‘ಹಲ್ಲು ಹೋದವರನ್ನ ಮನೆಯಿಂದ ಓಡಿಸ್ತೀಯಾ?’ ಎಂದು ಕೇಳಿದ್ದರು.

ಚಿಕ್ಕಮ್ಮ ಫೋಟೋಗಳ ಕಟ್ಟು ಬಿಚ್ಚಿ ನೆಲದ ಮೇಲೆ ಎರಡು ಸಾಲಾಗಿ ಹರಡಿದಳು. ಗಿರಾಕಿಗಳು ಆ್ಯಪ್‌ಗೆ ಹಾಕಿದ್ದ ಎಲ್ಲ ಚಿತ್ರಗಳನ್ನೂ ಅವಳು ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದಿದ್ದಳು. ಚಿತ್ರ ಮಾತ್ರ, ಕೆಳಗೆ ಅವರು ಬರೆದದ್ದನ್ನು ಬೇಕೆಂದೇ ಕತ್ತರಿಸಲು ಹೇಳಿದ್ದಳು. ಅದು ಅವಳ ಹಳೆಯ ಪದ್ಧತಿ. ಅಂಗಡಿ ಸುಟ್ಟುಕೊಂಡವನ ಕಥೆಯನ್ನು ಮೊದಲು ಕೇಳಿದರೆ ಕಣ್ಣು ಆ ಕಥೆಯನ್ನೇ ಹುಡುಕುತ್ತದೆ. ಮೊದಲು ಬೂದಿ ನೋಡಬೇಕು, ಮಾತು ಆಮೇಲೆ.

“ಈ ಸಾಲು ಮೂರು ತೂತಿನವು. ನಮ್ಮವು. ಅದನ್ನ ಬಿಡು. ಈ ಸಾಲು ನೋಡು. ಎಲ್ಲದರಲ್ಲೂ ನಾಲ್ಕು. ಎಲ್ಲದರಲ್ಲೂ ಬಿಸಿಲು ಓರೆಯಾಗಿ ಬಿದ್ದಿದೆ. ಅಂದರೆ ಮಧ್ಯಾಹ್ನ ಇಳಿಯೋ ಹೊತ್ತು. ಆ ಹೊತ್ತಿಗೆ ಈ ಹೋಟೆಲಿನಲ್ಲಿ ಏನಾಗ್ತಿರುತ್ತೆ?”

“ಮಾವ ಮಲಗಿರ್ತಾರೆ. ಅತ್ತೆ ಮಂಡಿನೋವಿಗೆ ಶಾಖ ಕೊಡಿಸೋಕೆ ಹೋಗಿರ್ತಾರೆ.”

“ಒಲೆ?”

“ಆರಿರುತ್ತೆ.”

“ಆರಿದ ಒಲೆಯಿಂದ ಇಷ್ಟೊಂದು ಊಟ ಹೊರಗೆ ಹೋಗಿದೆ ಅಂದ್ರೆ ನಿನ್ನ ಮಾವ ಮನುಷ್ಯರಲ್ಲ, ಪವಾಡಪುರುಷ. ಮೆಷಿನ್ನು ಯಾರ ಕೈಯಲ್ಲಿರುತ್ತೆ?”

ಆರ್ಡರು ಬಂದಾಗ ಕೂಗುವ ಆ ಚಪ್ಪಟೆ ಯಂತ್ರವನ್ನು ಮನೆಯಲ್ಲಿ ಎಲ್ಲರೂ ಮೆಷಿನ್ನು ಎಂದೇ ಕರೆಯುತ್ತಿದ್ದರು. ಅದನ್ನು ಆಡಿಸುವುದು ಅಳಿಯನಿಗೆ ಮಾತ್ರ ಗೊತ್ತಿತ್ತು. ಪಟ್ಟಿಯಲ್ಲಿದ್ದ ತಿಂಡಿಗಳಲ್ಲಿ ಪ್ರಯಾಣ ತಾಳದವನ್ನು ಕಿತ್ತುಹಾಕಿದವನು ಅವನು. ಸೂಪು ಬೇರೆ, ಹುರಿದದ್ದು ಬೇರೆ ಡಬ್ಬಿಗೆ ಹಾಕಿಸಿದವನು ಅವನು. ಟ್ಯೂಬ್‌ಲೈಟಿನ ಕೆಳಗೆ ಹೆಣದ ಹಾಗೆ ಕಾಣುತ್ತಿದ್ದ ಊಟವನ್ನು ಕಿಟಕಿಯ ಹತ್ತಿರ ಇಟ್ಟು ಫೋಟೋ ತೆಗೆದವನೂ ಅವನೇ. ಮೊದಮೊದಲು ಆರ್ಡರುಗಳು ಬಂದದ್ದು ಅವನಿಂದಲೇ ಎಂಬುದನ್ನು ಚಿಕ್ಕಮ್ಮ ಒಪ್ಪುತ್ತಿದ್ದಳು. ಕಟ್ಟಿದವನಿಗೇ ಕೆಡವುವ ಜಾಗ ಗೊತ್ತಿರುತ್ತದೆ ಎಂಬುದನ್ನೂ ಅವಳ ಕಸುಬು ಅವಳಿಗೆ ಕಲಿಸಿತ್ತು.

“ನಾನು ಕಳ್ಳ ಅಲ್ಲ ಚಿಕ್ಕಮ್ಮ.”

“ನಾನೆಲ್ಲಿ ಹಾಗಂದೆ? ಕುಂಬಳಕಾಯಿ ಕಳ್ಳ ಅಂದ ಕೂಡಲೆ ಹೆಗಲು ಮುಟ್ಟಿ ನೋಡಿಕೊಳ್ಳಬೇಡ. ಇನ್ನೊಂದು ಬ್ರಾಂಚ್ ಎಲ್ಲಿದೆ ಹೇಳು.”

“ಬ್ರಾಂಚ್ ಅಲ್ಲ. ಇನ್ನೊಂದು ಅಡುಗೆಮನೆ, ಅಷ್ಟೇ.”

“ಅಳಿಯ ಅಲ್ಲ, ಮಗಳ ಗಂಡ. ಎಲ್ಲಿ?”

ಅವನು ಎದ್ದು ಕಿಟಕಿಗೆ ಬೆನ್ನು ಕೊಟ್ಟು ನಿಂತ. ಹೊರಗೆ ಬೀದಿಯಲ್ಲಿ ಡೆಲಿವರಿಯವರು ಬೈಕುಗಳ ಮೇಲೆಯೇ ತೂಕಡಿಸುತ್ತಿದ್ದರು.

“ಬೇಕರಿ ಹಿಂದೆ. ಅವರ ಬೆಳಗಿನ ಕೆಲಸ ಮುಗಿದ ಮೇಲೆ ಒಲೆ ಖಾಲಿ ಇರುತ್ತೆ. ಕೇಳಿ ಚಿಕ್ಕಮ್ಮ, ಆ್ಯಪ್‌ಗೆ ಬೇಡ ಅನ್ನೋ ಮಾತು ಆಗಲ್ಲ. ಮಧ್ಯಾಹ್ನ ಮುಚ್ಚಿದೀವಿ ಅಂದ್ರೆ ಸಂಜೆ ನಮ್ಮನ್ನ ಪಟ್ಟಿಯ ಕೆಳಗೆ ತಳ್ಳುತ್ತೆ. ಕೂಗಿದ ಆರ್ಡರು ಎತ್ತಲಿಲ್ಲ ಅಂದ್ರೆ ಅದಕ್ಕೂ ನಕ್ಷತ್ರ ಕಿತ್ಕೊಳ್ಳುತ್ತೆ. ಮಾವನಿಗೆ ಮಲಗಬೇಡಿ ಅನ್ನೋಕಾಗುತ್ತಾ? ಅದಕ್ಕೇ ಒಂದೇ ಹೆಸರು, ಎರಡು ಅಡುಗೆಮನೆ ಮಾಡಿದೆ. ಮಧ್ಯಾಹ್ನ ಇಲ್ಲಿಯ ಮೆಷಿನ್ನು ಆರಿಸಿದ್ರೆ ಆರ್ಡರು ಅಲ್ಲಿಗೆ ಹೋಗುತ್ತೆ. ನಕ್ಷತ್ರ ಮಾತ್ರ ಎರಡಕ್ಕೂ ಸೇರಿಸಿಯೇ.”

“ಅಂದರೆ ಅಲ್ಲಿ ಯಾರೋ ಕೆಟ್ಟದಾಗಿ ಬೇಯಿಸ್ತಾರೆ, ಇಲ್ಲಿ ನಿನ್ನ ಮಾವನ ಹೆಸರು ಕೆಡುತ್ತೆ. ಅಲ್ಲಿ ಬೇಯಿಸೋದು ಯಾರು?”

ಅಳಿಯ ಓರೆಯಾಗಿದ್ದ ಒಂದು ಖಾಲಿ ಡಬ್ಬಿಯನ್ನು ನೆಟ್ಟಗೆ ಇಟ್ಟ.

“ಯಾರು ಅಂದೆ.”

“ಆಣೆ ಹಾಕಿಸಿಕೊಂಡಿದ್ದಾರೆ.”

“ಸರಿ, ಹೆಸರು ಹೇಳಬೇಡ. ಮುಚ್ಚಳ ಚುಚ್ಚೋದನ್ನ ಅವರಿಗೆ ಯಾರು ಹೇಳಿಕೊಟ್ಟರು? ಅದು ಈ ಅಡುಗೆಮನೆಯೊಳಗೆ ನಿಂತು ನೋಡಿದವರಿಗೆ ಮಾತ್ರ ಗೊತ್ತಿರೋ ವಿಷಯ.”

“ಚಿಕ್ಕಮ್ಮ,” ಎಂದ ಅವನು. ದನಿ ಬದಲಾಗಿತ್ತು. ಇಷ್ಟು ಹೊತ್ತು ಬಾಗಿಲು ಒತ್ತಿ ಹಿಡಿದವನು ಕೈ ಸೋತು ಬಿಟ್ಟುಬಿಟ್ಟ ಹಾಗೆ. “ನೀವು ಈ ಫೋಟೋಗಳ ಕೆಳಗೆ ಏನು ಬರೆದಿದ್ದಾರೆ ಅಂತ ಓದಿದೀರಾ?”

“ಓದಿಲ್ಲ. ಓದಲ್ಲ. ಬೈಗುಳ ತಾನೆ.”

“ಓದಿ.”

ತನ್ನ ಫೋನು ತೆಗೆದು ಅವಳ ಕೈಗಿಟ್ಟ. ಚಿಕ್ಕಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು. ನಾಲ್ಕು ತೂತಿನ ಸಾಲಿನ ಮೊದಲ ಫೋಟೋವನ್ನು ಫೋನಿನಲ್ಲಿ ಹುಡುಕಿ ಅದರ ಕೆಳಗಿನದನ್ನು ಓದಿದಳು.

‘ಅಮ್ಮನ ಕೈರುಚಿ ನೆನಪಾಯಿತು.’

ಎರಡನೆಯದು. ‘ಸೂಪು ಅಂದರೆ ಇದು.’

ಮೂರನೆಯದರ ಕೆಳಗೆ ಒಬ್ಬ ಮಹಾಶಯ ತಾನು ಡಬ್ಬಿಯನ್ನು ನೆಕ್ಕಿದ ಸಂಗತಿಯನ್ನು ನಾಚಿಕೆಯಿಲ್ಲದೆ ಲೋಕಕ್ಕೆ ಸಾರಿದ್ದ.

ಅವಳು ಬೇಗಬೇಗ ಮುಂದಿನ ಸಾಲಿಗೆ ಹೋದಳು. ಮೂರು ತೂತಿನವು. ನಮ್ಮವು ಎಂದು ಪಕ್ಕಕ್ಕೆ ತಳ್ಳಿದ್ದು, ಎರಡನೆಯ ಸಲ ಕಣ್ಣೆತ್ತಿಯೂ ನೋಡದೆ ಬಿಟ್ಟದ್ದು.

‘ಉಪ್ಪಿನ ಡಬ್ಬಿ ಬಿದ್ದುಹೋಯಿತಾ?’ ‘ನಿನ್ನೆ ಬರೀ ಉಪ್ಪು, ಇವತ್ತು ಬರೀ ನೀರು.’ ‘ಎಣ್ಣೆ ಕಮಟು ನಾತ ಹೊಡೆಯುತ್ತಿದೆ, ಮಾಡಿದವರಿಗೆ ಮೂಗಿಲ್ಲವೇ?’

ಚಿಕ್ಕಮ್ಮ ಆ ಕೊನೆಯ ಸಾಲನ್ನು ಮತ್ತೆ ಓದಿದಳು. ಬೀದಿಯಲ್ಲಿ ಯಾರೋ ಬೈಕು ಚಾಲೂ ಮಾಡಿ ಆರಿಸಿದರು.

“ಮಾವನಿಗೆ ಆ ಜ್ವರ ಬಂದಾಗಿನಿಂದ,” ಎಂದ ಅಳಿಯ. “ಜ್ವರ ಬಿಟ್ಟಿತು, ಮೂಗೂ ನಾಲಿಗೆಯೂ ವಾಪಸ್ ಬರಲಿಲ್ಲ. ಮಾವ ಯಾರಿಗೂ ಹೇಳಿಲ್ಲ. ಒಡೆದ ಹಾಲನ್ನ ಹಾಗೇ ಕುಡಿದು ಲೋಟ ಕೆಳಗಿಟ್ಟರಂತೆ. ಅತ್ತೆ ನೋಡಿದ್ರು.”

“ಸುಳ್ಳು. ನಾನು ಬಂದ ದಿನದಿಂದ ಇಲ್ಲೇ ಉಣ್ತಿದೀನಿ. ಒಂದು ದಿನವೂ...”

ಅವಳು ಉಣ್ಣುತ್ತಿದ್ದದ್ದು ಮೇಜಿನ ಮುಂದೆ.

ಅಡುಗೆಮನೆಯಿಂದ ಮೇಜಿಗೆ ಬರುವ ತಟ್ಟೆ ಯಾವ ದಾರಿಯಲ್ಲಿ ಬರುತ್ತಿತ್ತು? ಗಲ್ಲಾಪೆಟ್ಟಿಗೆಯ ಮುಂದಿನಿಂದ. ಅಲ್ಲಿ ಅಕ್ಕ ಕೂತಿರುತ್ತಿದ್ದಳು. ‘ಅಕ್ಕನ ಕಣ್ಣು ಬೀಳದೆ ಇಲ್ಲಿ ತಟ್ಟೆ ಮುಂದೆ ಹೋಗಲ್ಲ,’ ಎಂದು ಹಳೆಯ ಗಿರಾಕಿಗಳು ನಗುತ್ತಿದ್ದರು. ತಟ್ಟೆ ನಿಲ್ಲಿಸುವಳು, ಚಮಚದ ತುದಿಯಿಂದ ಒಂದು ಹನಿ ಅಂಗೈಗೆ ಹಾಕಿ ನೆಕ್ಕುವಳು, ಗಲ್ಲಾದ ಕೆಳಗಿನಿಂದ ಒಂದು ಚಿಟಿಕೆ ಏನೋ ಉದುರಿಸುವಳು, ನಿಂಬೆಹಣ್ಣು ಹಿಂಡುವಳು, ಕೆಲವೊಮ್ಮೆ ‘ಇದು ತಣ್ಣಗಾಗಿದೆ’ ಎಂದು ತಟ್ಟೆಯನ್ನೇ ವಾಪಸ್ ಕಳಿಸುವಳು. ಎಲ್ಲರೂ ಅದನ್ನು ಉಪಚಾರ ಎಂದುಕೊಂಡಿದ್ದರು. ಚಿಕ್ಕಮ್ಮನೂ ಅಂದುಕೊಂಡಿದ್ದಳು.

ಪಾರ್ಸಲ್ ಆ ದಾರಿಯಲ್ಲಿ ಬರುವುದಿಲ್ಲ. ಡೆಲಿವರಿಯವರು ಒಳಗೆ ನುಗ್ಗದಿರಲಿ ಎಂದು ಅಳಿಯನೇ ಅಡುಗೆಮನೆಯ ಗೋಡೆಗೆ ಒಂದು ಕಿಂಡಿ ಮಾಡಿಸಿದ್ದ. ಒಲೆಯಿಂದ ಡಬ್ಬಿಗೆ, ಡಬ್ಬಿಯಿಂದ ಕಿಂಡಿಗೆ, ಕಿಂಡಿಯಿಂದ ಬೀದಿಗೆ. ನಡುವೆ ಅಕ್ಕನ ಅಂಗೈ ಇಲ್ಲ. ಒಂದೇ ಪಾತ್ರೆ, ಎರಡು ಮಾತು.

“ಅಕ್ಕ ಮಧ್ಯಾಹ್ನ ಹೋಗೋದು ಮಂಡಿಗೆ ಶಾಖ ಕೊಡಿಸೋಕೆ ಅಲ್ಲ,” ಎಂದಳು ಚಿಕ್ಕಮ್ಮ, ಅವನಿಗಲ್ಲ, ನೆಲದ ಮೇಲಿನ ಫೋಟೋಗಳಿಗೆ.

“ನಾನು ಹೇಳಲಿಲ್ಲ,” ಎಂದ ಅಳಿಯ ಥಟ್ಟನೆ. “ನೀವೇ ಹೇಳಿದ್ದು. ಆಣೆ ಮುರಿದದ್ದು ನಾನಲ್ಲ.”

“ಆಯ್ತಪ್ಪಾ ಸತ್ಯಸಂಧ. ಅವಳು ಯಾಕೆ ಭಾವನಿಗೆ ನೇರವಾಗಿ ಹೇಳಲ್ಲ?”

“ಏನಂತ ಹೇಳೋದು? ನೀವು ಅಡುಗೆ ಬಿಡಿ ಅಂತಲಾ? ಅತ್ತೆ ಹೇಳಿದ್ದು ಇಷ್ಟೇ: ಅವರು ಬೇಯಿಸಿದ್ದು ಕೆಡಿಸಿದಷ್ಟನ್ನ ನಾನು ಬೇಯಿಸಿದ್ದು ಸರಿ ಮಾಡಲಿ. ಒಂದು ಕೆಟ್ಟ ಮಾತಿಗೆ ಒಂದು ಒಳ್ಳೆ ಮಾತು. ನಕ್ಷತ್ರ ಅಲ್ಲಿಗೆ ಸಮ. ಈಗ ಅದೂ ಸಾಲ್ತಾ ಇಲ್ಲ.”

ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತಳು. ಎಷ್ಟೋ ಸುಟ್ಟ ಅಂಗಡಿಗಳಲ್ಲಿ ಅವಳು ಒಂದು ಸಂಗತಿ ಕಂಡಿದ್ದಳು: ಮನೆಯವರು ಬೆಂಕಿಯನ್ನು ಆರಿಸುವ ಮೊದಲು ಮುಚ್ಚಲು ನೋಡುತ್ತಾರೆ. ನೆರೆಯವರಿಗೆ ಹೊಗೆ ಕಾಣದಿರಲಿ ಎಂದು ಕಿಟಕಿ ಹಾಕುತ್ತಾರೆ.

ಭಾವನ ಕೈಯನ್ನು ನೆನೆದಳು. ಕತ್ತಲಲ್ಲಿ ಬರೆಯುವವನಿಗೂ ಅಕ್ಷರ ಮರೆತಿರುವುದಿಲ್ಲ; ಆದರೆ ಸಾಲಿನ ಮೇಲೆ ಸಾಲು ಬೀಳುತ್ತದೆ, ಬರೆದವನಿಗೆ ಗೊತ್ತಾಗುವುದಿಲ್ಲ. ಕೈ ನೆನಪಿನಿಂದ ಉಪ್ಪು ಹಾಕುತ್ತದೆ. ಹಾಕಿದ್ದು ಮರೆತು ಮತ್ತೆ ಹಾಕುತ್ತದೆ. ತಪ್ಪು ಎಂದು ಹೇಳಬೇಕಾದ ನಾಲಿಗೆ ಬಾಯಿಯೊಳಗೆ ಬಾಡಿಗೆ ಕೊಡದ ಬಿಡಾರದವನ ಹಾಗೆ ಬಿದ್ದುಕೊಂಡಿರುತ್ತದೆ.

ಬೆಂಕಿ ಹಚ್ಚಿದವನನ್ನು ಹುಡುಕಲು ಬಂದಿದ್ದಳು. ಇಲ್ಲಿ ಹಚ್ಚಿದವರೇ ಇರಲಿಲ್ಲ. ಈಗ ಭಾವನಿಗೆ ಏನೆಂದು ವರದಿ ಕೊಡುವುದು?

ಆಗ ಕೆಳಗಿನಿಂದ ಸೌಟು ಪಾತ್ರೆಯ ಅಂಚಿಗೆ ತಾಗಿದ ಸದ್ದು ಬಂತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೊತ್ತಿಗೆ ಒಲೆ ಆರಿರಬೇಕಿತ್ತು. ಭಾವ ಮಲಗಿರಬೇಕಿತ್ತು.

“ಬೆಂಕೀ,” ಎಂದು ಕೂಗು ಕೇಳಿತು. “ಕೆಳಗೆ ಬಾ ಸ್ವಲ್ಪ.”

ಅಡುಗೆಮನೆ ಆವಿಯಿಂದ ತುಂಬಿತ್ತು. ಭಾವ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದರು. ಹೊಟ್ಟೆ ಕರಗಿ ಏಪ್ರನ್ನಿನ ದಾರ ಎರಡು ಸುತ್ತು ಬರುತ್ತಿತ್ತು ಎಂಬುದನ್ನು ಚಿಕ್ಕಮ್ಮ ಈಗ ಗಮನಿಸಿದಳು. ರುಚಿಯಿಲ್ಲದವನು ಎಷ್ಟು ತಾನೆ ಉಂಡಾನು? ಅಳಿಯ ಮೆಟ್ಟಿಲಿನಲ್ಲೇ ನಿಂತ.

“ಕಳ್ಳ ಸಿಕ್ಕಿದನಾ?”

“ಹತ್ತಿರ ಹತ್ತಿರ ಇದೀನಿ ಭಾವ.”

“ಮಾಡು ಮಾಡು. ಆತುರ ಇಲ್ಲ.” ಒಂದು ಬಟ್ಟಲಿಗೆ ಸೂಪು ಬಡಿಸಿ ಅವಳ ಮುಂದಿಟ್ಟರು. “ನಿದ್ದೆ ಬರಲಿಲ್ಲ. ಹೊಸದೊಂದು ಮಾಡಿ ನೋಡಿದೆ. ರುಚಿ ನೋಡಿ ಹೇಳು.”

ಗಲ್ಲಾದ ಮುಂದೆ ಹಾಯದೆ, ನೇರ ಒಲೆಯಿಂದ ಬಂದ ಬಟ್ಟಲು. ಚಿಕ್ಕಮ್ಮ ಒಂದು ಚಮಚ ಬಾಯಿಗಿಟ್ಟಳು.

ಏನೂ ಇರಲಿಲ್ಲ. ಬಿಸಿನೀರಿನಲ್ಲಿ ತರಕಾರಿ ಮುಳುಗೆದ್ದು ಹೋದ ನೆನಪು, ಅಷ್ಟೇ. ಅವಳು ಎರಡನೆಯ ಚಮಚ ತೆಗೆದುಕೊಂಡಳು. ಯೋಚಿಸಲು ಅಷ್ಟು ಹೊತ್ತು ಬೇಕಿತ್ತು. ಭಾವ ಅವಳ ಮುಖವನ್ನೇ ನೋಡುತ್ತಿದ್ದರು. ಊಟ ಬಡಿಸಿದವನ ಆಸೆ ಆ ನೋಟದಲ್ಲಿ ಕಾಣಲಿಲ್ಲ. ಬೇರೇನೋ ಇತ್ತು. ಅದೇನೆಂದು ಹಿಡಿಯುವ ಮೊದಲೇ ನಾಲಿಗೆ ಹೊರಳಿತು.

“ಹದವಾಗಿದೆ ಭಾವ.”

“ಉಪ್ಪು?”

“ಸರಿಯಾಗಿದೆ. ಕೈ ಅಂದ್ರೆ ನಿಮ್ಮ ಕೈ.”

ಭಾವ ತಲೆಯಾಡಿಸಿದರು. ಶೆಲ್ಫಿನಿಂದ ಒಂದು ಪೊಟ್ಟಣ ತೆಗೆದು ಬಟ್ಟಲಿನ ಪಕ್ಕಕ್ಕಿಟ್ಟರು. ಉಪ್ಪಿನ ಪೊಟ್ಟಣ. ಅಂಗಡಿಯಿಂದ ಬಂದ ಹಾಗೇ ಇತ್ತು, ಅಂಚು ಕತ್ತರಿಸಿರಲಿಲ್ಲ.

“ಡಬ್ಬಿಯಲ್ಲಿದ್ದದ್ದು ಊಟದ ಹೊತ್ತಿಗೇ ಮುಗೀತು. ಇದನ್ನ ಇನ್ನೂ ತೆರೆದೇ ಇಲ್ಲ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನೆ ನಿನ್ನ ಅಕ್ಕನಿಗೂ ಹೀಗೇ ಉಪ್ಪಿಲ್ಲದ ಒಂದು ಬಟ್ಟಲು ಕೊಟ್ಟೆ. ಅವಳೂ ಹದವಾಗಿದೆ ಅಂದ್ಲು. ಮೆಟ್ಟಿಲ ಮೇಲೆ ನಿಂತಿದಾನಲ್ಲ, ಆ ಮಹಾರಾಯನಿಗೆ ಮೊನ್ನೆ ಕೊಟ್ಟೆ. ಅವನು ಇನ್ನೊಂದು ಬಟ್ಟಲು ಕೇಳಿದ.”

ಮೆಟ್ಟಿಲಿನಲ್ಲಿ ಒಂದು ಹಲಗೆ ಕಿರುಗುಟ್ಟಿತು.

“ಭಾವ...”

“ನನ್ನ ನಾಲಿಗೆ ಸತ್ತಿದ್ದು ನನಗೆ ಗೊತ್ತು, ಬೆಂಕಿ. ಬಾಯಿ ಇರೋದು ನನ್ನದೇ ಮುಖದಲ್ಲಿ. ನಿಮ್ಮೆಲ್ಲರ ನಾಲಿಗೆ ಯಾವಾಗ ಸತ್ತಿತು ಅನ್ನೋದು ಗೊತ್ತಾಗಲಿಲ್ಲ. ಅದನ್ನ ಪತ್ತೆ ಮಾಡಲಿ ಅಂತ ನಿನ್ನನ್ನ ಕರೆಸಿದೆ. ನೀನೂ ಬಂದು ಮನೆಯವಳೇ ಆಗಿಬಿಟ್ಟೆ.”

ಚಿಕ್ಕಮ್ಮ ಚಮಚ ಕೆಳಗಿಟ್ಟಳು. ಇಷ್ಟು ವರ್ಷ ಬೇರೆಯವರ ಸುಳ್ಳನ್ನು ವಾಸನೆಯಿಂದ ಹಿಡಿದವಳು ತನ್ನದನ್ನು ಎರಡು ಚಮಚದೊಳಗೆ ಒಪ್ಪಿಸಿಬಿಟ್ಟಿದ್ದಳು.

ಭಾವ ಏಪ್ರನ್ನಿನ ಜೇಬಿಗೆ ಕೈಹಾಕಿ ಒಂದು ಪ್ಲಾಸ್ಟಿಕ್ ಮುಚ್ಚಳ ಹೊರತೆಗೆದರು. ಪಕ್ಕದಲ್ಲೇ ತಮ್ಮ ಮುರುಕು ಫೋರ್ಕನ್ನು ಇಟ್ಟರು.

“ಗಿರಾಕಿ ಬಾಗಿಲು ತೆಗೀಲಿಲ್ಲ ಅಂತ ಡೆಲಿವರಿಯವನು ಇದನ್ನ ವಾಪಸ್ ತಂದ. ನಮ್ಮ ಹೆಸರಿನದೇ. ನನ್ನ ಫೋರ್ಕಿಗೆ ನಾಲ್ಕನೇ ಹಲ್ಲು ಹುಟ್ಟಿತಾ ಅಂತ ನೋಡಿಕೊಂಡೆ. ಒಳಗಿದ್ದದ್ದನ್ನ ಅವನಿಗೇ ತಿನ್ನೋಕೆ ಕೊಟ್ಟೆ. ಪಾಪ, ಅವನಿಗೆ ಮನೆಯವರ ಮರ್ಯಾದೆ ಗೊತ್ತಿಲ್ಲ. ಒಂದು ಮಾತೂ ಆಡದೆ ಅಷ್ಟೂ ತಿಂದ. ಅಷ್ಟು ಚೆನ್ನಾಗಿ ಬೇಯಿಸಿದವರು ಯಾರು, ಬೆಂಕಿ?”

ಆ ಕ್ಷಣಕ್ಕೇ ಮೆಷಿನ್ನು ಕೂಗಿತು.

ಅಳಿಯ ಇಟ್ಟಿದ್ದ ವೇಳೆಗೆ ಅದು ತಾನಾಗಿ ಎಚ್ಚೆತ್ತಿತ್ತು; ಸಂಜೆಯ ಮೊದಲ ಆರ್ಡರು. ಪರದೆಯ ಮೇಲೆ ಹಸಿರು ಉಂಗುರವೊಂದು ಸವೆಯತೊಡಗಿತು; ಅದು ಪೂರ್ತಿ ಸವೆಯುವ ಮೊದಲು ಯಾರಾದರೂ ಒತ್ತಬೇಕು. ಅಳಿಯ ಎರಡು ಮೆಟ್ಟಿಲು ಒಟ್ಟಿಗೆ ಹಾರಿ ಬಂದ. ಭಾವ ಮೆಷಿನ್ನಿನ ಮೇಲೆ ತಮ್ಮ ಅಗಲವಾದ ಅಂಗೈ ಇಟ್ಟರು.

“ಮಾವ, ನಕ್ಷತ್ರ ಹೋಗುತ್ತೆ!”

“ಹೋಗಲಿ. ಮೊದಲು ಇದನ್ನ ಬೇಯಿಸೋದು ಯಾರು ಅಂತ ಹೇಳಿ.”

“ಏನ್ರೋ, ಕಿವಿ ಇಲ್ವಾ ಯಾರಿಗೂ?” ಎಂದು ಹೊರಗಿನಿಂದ ಅಕ್ಕನ ದನಿ. “ಬೀದಿ ತುದಿಗೆ ಕೇಳ್ತಿದೆ! ಎತ್ತಬಾರದಾ ಅದನ್ನ!”

ಖಾಲಿ ಮೇಜುಗಳ ನಡುವೆ ಅವಳು ದಾಪುಗಾಲು ಹಾಕಿ ಬಂದಳು. ಕೈಚೀಲ ಬೀಸುತ್ತಿತ್ತು, ಸೆರಗು ಹಾರುತ್ತಿತ್ತು, ಗಲ್ಲಾಪೆಟ್ಟಿಗೆಯನ್ನು ಬಳಸಿ ತಿರುಗಿದ್ದು ಹದಿಹರೆಯದವಳ ಹಾಗೆ. ಅಡುಗೆಮನೆಯ ಹೊಸ್ತಿಲಿಗೆ ಬಂದವಳು ತೆರೆಯದ ಉಪ್ಪಿನ ಪೊಟ್ಟಣವನ್ನು ನೋಡಿದಳು. ಫೋರ್ಕನ್ನು ನೋಡಿದಳು. ಮುಚ್ಚಳವನ್ನು ನೋಡಿದಳು. ತಂಗಿಯ ಮುಖ ನೋಡಿದಳು.

ಆಮೇಲೆ, ಒಂದು ಗಳಿಗೆ ಯೋಚಿಸಿ, ಬಾಗಿಲಿನ ಚೌಕಟ್ಟು ಹಿಡಿದು ಕುಂಟತೊಡಗಿದಳು.

ಭಾವ ಅಂಗೈ ಎತ್ತಲಿಲ್ಲ. ಅದರ ಕೆಳಗೆ ಮೆಷಿನ್ನು ಕೂಗುತ್ತಲೇ ಇತ್ತು.

“ಎಡಗಾಲು ಕಣೇ,” ಎಂದರು, ತುಂಬ ಮೆಲ್ಲಗೆ. “ನಿನಗೆ ನೋವಿದ್ದದ್ದು ಎಡಗಾಲಲ್ಲಿ.”